ಬನ್ನಕ್ಕನ ಒಲೆ ಮತ್ತು ಒಂದು ಮೊಳ ಜಾಗ

ನೆಲ ನಡುಗುವ ಊರಿನಲ್ಲಿ ಗಾಜಿನ ಅಂಗಡಿ ಇಟ್ಟವನಿಗೆ ತಲೆ ಕೆಟ್ಟಿರಬೇಕು ಎಂದು ಹೊಸಬರು ಅಂದುಕೊಳ್ಳುತ್ತಾರೆ. ಕೆಟ್ಟಿರುವುದು ಅವರ ತಲೆ. ನೆಲ ಸುಮ್ಮನಿರುವ ಊರಿನಲ್ಲಿ ಒಮ್ಮೆ ಹಾಕಿದ ಕಿಟಕಿ ಗಾಜು ಅಜ್ಜನಿಂದ ಮೊಮ್ಮಗನವರೆಗೆ ಇರುತ್ತದೆ, ಗಾಜಿನವನು ನೊಣ ಹೊಡೆಯುತ್ತಾ ಕೂರಬೇಕು. ನಮ್ಮಲ್ಲಿ ಹಾಗಿಲ್ಲ. ನೆಲ ಒಮ್ಮೆ ಮೈ ಕೊಡವಿದರೆ ಸಾಕು, ಮಾರನೆಯ ದಿನ ನನ್ನ ಬಾಗಿಲಲ್ಲಿ ಸಾಲು.

ನನ್ನ ಗೋಡೆಗೆ ಅಂಟಿಕೊಂಡ ಅಂಗಡಿ ಬೇಕರಿ. ಅದು ನನ್ನ ತಂಗಿಯದು. ಊರು ಅವಳನ್ನು ಬನ್ನಕ್ಕ ಅನ್ನುತ್ತದೆ. ನೆಲ ನಡುಗಿದರೆ ಅವಳ ಒಲೆಯೊಳಗೆ ಉಬ್ಬುತ್ತಿರುವ ಕೇಕು ಕುಸಿದು ರೊಟ್ಟಿಯಾಗುತ್ತದೆ. ಹೀಗಾಗಿ ಭೂಕಂಪದ ವಿಷಯದಲ್ಲಿ ನಾವು ಅಣ್ಣ ತಂಗಿ ಒಂದೇ ಮಾತು ಆಡುವ ಪ್ರಶ್ನೆಯೇ ಇಲ್ಲ. "ಯಾವಾಗ ಅಲ್ಲಾಡುತ್ತೋ ಅಂತ ಬಾಯ್ಬಿಟ್ಕೊಂಡು ಕೂತಿರ್ತಾನೆ" ಎಂದು ಅವಳು ಗಿರಾಕಿಗಳಿಗೆ ಹೇಳುವುದು ಗೋಡೆಯಾಚೆಯಿಂದ ನನಗೆ ಕೇಳಿಸುತ್ತದೆ. ಕೇಳಿಸಲಿ ಅಂತಲೇ ಹೇಳುವುದು.

ಕಟ್ಟಡ ಒಂದೇ. ನಮ್ಮಪ್ಪ ಕಟ್ಟಿಸಿದ್ದು. ನಡುವೆ ಒಂದು ಗೋಡೆ. ಗೋಡೆಯ ಆಚೆಗೆ ಅವಳ ಇಟ್ಟಿಗೆ ಒಲೆ, ಅದನ್ನು ಅಪ್ಪ ತನ್ನ ಕೈಯಾರೆ ಕಟ್ಟಿದ್ದು. ಈಚೆಗೆ ನನ್ನ ಗಾಜು ಕತ್ತರಿಸುವ ಮೇಜು.

ನಾವು ಮಾತು ಬಿಟ್ಟದ್ದು ಸಮುದ್ರದ ದೆಸೆಯಿಂದ. ನಮ್ಮೂರು ಸಮುದ್ರಕ್ಕೂ ಗುಡ್ಡಕ್ಕೂ ನಡುವೆ ಸಿಕ್ಕಿಕೊಂಡ ಊರು. ಕೆಲವು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ನೆಲ ನಡುಗಿತು. ಎಂದಿನಂತೆ ಒಮ್ಮೆ ಗಡಗಡ ಅಂದು ಬಿಡಲಿಲ್ಲ, ನಿಲ್ಲುವುದೇ ಇಲ್ಲವೇನೋ ಎನ್ನುವಷ್ಟು ಹೊತ್ತು ನಡುಗಿತು. ನಡುಕ ಉದ್ದವಾದರೆ ಸೈರನ್‌ಗೆ ಕಾಯಬಾರದು, ಎತ್ತರಕ್ಕೆ ಓಡಬೇಕು ಎಂದು ನನ್ನ ಶಾಲೆಯಲ್ಲಿ ಮೇಷ್ಟ್ರು ಹೇಳಿಕೊಟ್ಟಿದ್ದರು. ಅವರು ಹೇಳಿಕೊಟ್ಟದ್ದರಲ್ಲಿ ನನಗೆ ನೆನಪಿದ್ದದ್ದು ಅದೊಂದೇ. ಬೀದಿಗೆ ಇಳಿದು ಕೂಗಿದೆ. ಇಡೀ ಬೀದಿಯನ್ನು ಎಬ್ಬಿಸಿಕೊಂಡು ಗುಡ್ಡದ ಮೇಲಿನ ನೀರಿನ ಟ್ಯಾಂಕಿನ ಹತ್ತಿರ ಹೋದೆ. ತಂಗಿ ಬರಲಿಲ್ಲ. "ಬ್ರೆಡ್ ಒಳಗಿದೆ" ಅಂದಳು.

ಸಂಜೆಯವರೆಗೆ ನಾವೆಲ್ಲ ಗುಡ್ಡದ ಮೇಲೆ ಕೂತೆವು. ಸಮುದ್ರ ಒಂದು ಏಡಿಯನ್ನೂ ಹೆಚ್ಚಿಗೆ ನೆನೆಸಲಿಲ್ಲ. ಹಸಿದು ಹಣ್ಣಾಗಿ ಇಳಿದು ಬಂದರೆ ಬೇಕರಿ ಮುಂದೆ ಹಲಗೆ ನಿಂತಿದೆ: "ಸುನಾಮಿ ಬನ್, ಬಿಸಿ ಬಿಸಿ." ನನ್ನ ಹಿಂದೆ ಓಡಿದ್ದವರೆಲ್ಲ ಮುಗಿಬಿದ್ದು ತಿಂದರು. ನನ್ನ ಹೆಂಡತಿಯೂ ತಿಂದಳು. ಅವತ್ತಿನಿಂದ ನನ್ನ ಹೆಸರು ಸುನಾಮಿ. "ಸುನಾಮಿ, ಕನ್ನಡಿ ರೆಡಿನಾ?" "ಸುನಾಮಿ ಇದ್ದಾರಾ ಅಂಗಡೀಲಿ?" ಅಪ್ಪ ಅಮ್ಮ ಇಟ್ಟ ಹೆಸರು ಈಗ ಕರೆಂಟ್ ಬಿಲ್ಲಿನ ಮೇಲೆ ಮಾತ್ರ ಉಳಿದಿದೆ.

ಅವತ್ತು ಸಂಜೆಯೇ ಅವಳನ್ನು ಕೇಳಿದೆ.

"ಬಂದಿದ್ರೆ ಏನ್ ಮಾಡ್ತಿದ್ದೆ?"

"ಬರ್ಲಿಲ್ಲವಲ್ಲ."

"ಓಡಿದ್ದು ಸರಿ ಅಂತ ಒಪ್ಕೋ."

"ಒಂದು ಬನ್ ತಿನ್ನು. ಹಸಿದಿದ್ದೀಯ."

ಅಷ್ಟೇ. ಆಮೇಲೆ ನಾವು ಮಾತಾಡಿಲ್ಲ. ಏನಾದರೂ ಹೇಳಲೇಬೇಕಾದರೆ ನನ್ನ ಹೆಂಡತಿ ಹೊತ್ತುಕೊಂಡು ಹೋಗಿ ಹೇಳಿ, ಉತ್ತರ ಹೊತ್ತುಕೊಂಡು ಬರುತ್ತಿದ್ದಳು.

ಹೀಗಿರುವಾಗ ಗೋಡೆ ಬಿರುಕು ಬಿಟ್ಟಿತು. ಮೊದಲು ಕೂದಲೆಳೆ. ಆಮೇಲೆ ಉಗುರು ತೂರುವಷ್ಟು. ಆಮೇಲೆ ಅವಳ ಒಲೆಯ ಬೆಳಕು ನನ್ನ ಅಂಗಡಿಗೆ ಕೆಂಪಗೆ ಕಾಣುವಷ್ಟು. ಒಲೆಯ ಕಾವಿಗೆ ಗೋಡೆ ಬಿರಿದಿದೆ ಎಂದು ನಾನು ಹೇಳಿ ಕಳಿಸಿದೆ. ನನ್ನ ಗಾಜು ಉಜ್ಜುವ ಮೆಷಿನ್ನಿನ ಅದುರಿಗೆ ಬಿರಿದಿದೆ ಎಂದು ಅವಳು ಹೇಳಿ ಕಳಿಸಿದಳು. ಹೆಂಡತಿ ಎರಡು ವಾರ ಓಡಾಡಿ ಸಾಕಾಗಿ, ನಮ್ಮನ್ನು ಕೇಳದೆ ಊರಿನ ಕಚೇರಿಗೆ ಹೋಗಿ ದೂರು ಕೊಟ್ಟು ಬಂದಳು.

ಕಚೇರಿಯವರು ಒಬ್ಬರು ಮೇಡಂ ಅನ್ನು ಕಳಿಸಿದರು. ಭೂಮಿಯ ಒಳಗಿನದನ್ನು ಓದಿದವರು. ಅವರನ್ನು ನಾವು ನೆಲದ ಮೇಡಂ ಅಂದೆವು. ಬಿರುಕಿನ ಎರಡೂ ಬದಿಗೆ ಮೊಳೆ ಹೊಡೆದು, ಮೊಳೆಯಿಂದ ಮೊಳೆಗೆ ಅಳತೆ ತೆಗೆದುಕೊಂಡು ಹೋದರು. ಮತ್ತೆ ಬಂದರು, ಮತ್ತೆ ಅಳೆದರು. ಬೀದಿಯ ಚರಂಡಿ ಕಲ್ಲುಗಳನ್ನೂ ಎದುರು ಮನೆಯ ಕಾಂಪೌಂಡನ್ನೂ ನೋಡಿದರು. ಕಡೆಗೆ ಒಂದು ದಿನ ಬೇಕರಿ ಮುಂದಿನ ಬೆಂಚಿನ ಮೇಲೆ ನಮ್ಮೆರಡೂ ಮನೆಯವರನ್ನು ಕೂರಿಸಿದರು. ಬೆಂಚಿನ ಆ ತುದಿಗೆ ತಂಗಿ, ಈ ತುದಿಗೆ ನಾನು, ನಡುವೆ ನನ್ನ ಹೆಂಡತಿ ಮತ್ತು ತಂಗಿಯ ಗಂಡ. ತಂಗಿಯ ಗಂಡ ತಿಂಗಳಿಗೆ ಒಂದು ಮಾತಾಡುವ ಮನುಷ್ಯ. ಉಳಿದ ಮಾತನ್ನೆಲ್ಲ ಹಿಟ್ಟಿಗೆ ಹಾಕಿ ನಾದುತ್ತಾನೆ.

"ಮನೆ ಸರಿ ಇದೆಯಾ ಮೇಡಂ?" ನನ್ನ ಹೆಂಡತಿ ಕೇಳಿದಳು.

"ಸರೀತಾ ಇದೆ."

"ಸದ್ಯ," ಎಂದು ಹೆಂಡತಿ ಎದೆಯ ಮೇಲೆ ಕೈ ಇಟ್ಟುಕೊಂಡಳು. "ಸರಿ ಇದೆಯಂತೆ."

"ಸರಿ ಇದೆ ಅಂತ ಅಲ್ಲಮ್ಮ. ಸರೀತಾ ಇದೆ. ಜರುಗ್ತಾ ಇದೆ."

ಆಮೇಲೆ ಮೇಡಂ ತಂಗಿಯಿಂದ ರಸ್ಕು ತರಿಸಿಕೊಂಡರು. ಭೂಮಿಯ ಮೇಲಿನ ಗಟ್ಟಿ ಚಿಪ್ಪು ಒಂದೇ ತುಂಡಲ್ಲ, ದೊಡ್ಡ ದೊಡ್ಡ ಹಲಗೆಗಳು, ಅವೆಲ್ಲ ನಿಧಾನವಾಗಿ ಚಲಿಸುತ್ತಿವೆ ಅಂದರು. ಎರಡು ರಸ್ಕನ್ನು ಪಕ್ಕಪಕ್ಕ ಒತ್ತಿ ಹಿಡಿದು, ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ಉಜ್ಜಿದರು. "ಇಂಥ ಎರಡು ಹಲಗೆಯ ಗಡಿ ನಿಮ್ಮ ಗೋಡೆ ಕೆಳಗೇ ಹೋಗಿದೆ. ಅಣ್ಣನ ಅಂಗಡಿ ಉತ್ತರಕ್ಕೆ, ತಂಗಿ ಅಂಗಡಿ ದಕ್ಷಿಣಕ್ಕೆ. ಉಗುರು ಬೆಳೆಯೋದಕ್ಕಿಂತ ನಿಧಾನ. ಆದ್ರೆ ನಿಲ್ಲಲ್ಲ."

"ಇವನ ಅಂಗಡಿ ತಾನೇ ಹೋಗ್ತಾ ಇರೋದು?" ತಂಗಿ ಕೇಳಿದಳು.

"ನಿಮ್ಮ ಕಡೆಯಿಂದ ನೋಡಿದ್ರೆ ಅವರದು ಹೋಗ್ತಿದೆ. ಅವರ ಕಡೆಯಿಂದ ನೋಡಿದ್ರೆ ನಿಮ್ಮದು."

"ನಾನು ಎಲ್ಲೂ ಹೋಗ್ತಿಲ್ಲ. ಹುಟ್ಟಿದಾಗಿಂದ ಇಲ್ಲೇ ಇದ್ದೀನಿ."

ಮೇಡಂ ಬುದ್ಧಿವಂತರು, ಇನ್ನೊಂದು ರಸ್ಕು ತೆಗೆದುಕೊಂಡು, ಅದನ್ನು ಮತ್ತೊಂದರ ಅಡಿಗೆ ತೂರಿಸಿ ತಮ್ಮ ಟೀ ಲೋಟದ ಮೇಲೆ ಹಿಡಿದರು. ಸಮುದ್ರದ ಆಚೆ ಒಂದು ಹಲಗೆ ಹೀಗೆ ಇನ್ನೊಂದರ ಅಡಿಗೆ ಹೋಗುತ್ತಿದೆ, ಹೋಗುತ್ತಾ ಸಿಕ್ಕಿಕೊಳ್ಳುತ್ತದೆ, ಮೇಲಿನದು ಬಾಗುತ್ತದೆ, ಒಂದು ದಿನ ತಡೆಯಲಾರದೆ ಚಿಮ್ಮುತ್ತದೆ, ಆಗ ಮೇಲಿನ ನೀರೆಲ್ಲ ಎದ್ದು ಬರುತ್ತದೆ ಅಂದರು. ತೋರಿಸಲು ರಸ್ಕನ್ನು ಬಾಗಿಸಿದರು. ಅದು ಬಾಗಲಿಲ್ಲ. ಎರಡೂ ಕೈಯಿಂದ ಒತ್ತಿದರು. ಆಗಲೂ ಬಾಗಲಿಲ್ಲ, ಮುರಿಯಲೂ ಇಲ್ಲ.

"ಇದು ಯಾವ ಶಿಲೆಯಮ್ಮ?" ಅಂದರು.

ನಾನು ನಕ್ಕೆ. ಅವತ್ತು ನನಗೆ ಮೇಡಂ ಮೇಲೆ ತುಂಬ ಗೌರವ ಬಂತು.

"ಹಾಗೆ ಅಡಿಗೆ ಹೋದ ಹಲಗೆ ಆಳದಲ್ಲಿ ನೀರು ಬಿಡುತ್ತೆ, ಅದ್ರಿಂದ ಅಲ್ಲಿನ ಬಂಡೆ ಕರಗುತ್ತೆ, ಕರಗಿದ್ದು ಮೇಲಕ್ಕೆ ಬಂದ್ರೆ ಜ್ವಾಲಾಮುಖಿ. ನಿಮ್ಮೂರ ಹತ್ತಿರ ಅದಿಲ್ಲ. ಅದರ ಭಯ ಬೇಡ."

"ಇದೆ ಮೇಡಂ," ಅಂದೆ. "ಗೋಡೆ ಆಚೆಗೇ ಇದೆ. ಹೊಗೆ ಕೊಳವೆ ಕಾಣ್ತಿಲ್ವಾ?"

ತಂಗಿ ಅತ್ತಿಗೆಯ ಕಡೆ ತಿರುಗಿ, "ನಿಮ್ಮ ಮನೆಯವರಿಗೆ ಹೇಳಿ, ಇನ್ನೊಂದು ಮಾತಾಡಿದ್ರೆ ಬೆಂಕಿ ಉಗುಳ್ತೀನಿ ಅಂತ" ಅಂದಳು. ನನ್ನ ಹೆಂಡತಿ ನನ್ನ ಕಡೆ ತಿರುಗಿ, "ಕೇಳಿಸ್ತಲ್ಲ" ಅಂದಳು.

ಆಗ ತಂಗಿಯ ಗಂಡ ಆ ತಿಂಗಳ ಮಾತಾಡಿದ. "ಉಗುರು ಅಂದ್ರಿ. ಕತ್ತರಿಸಕ್ಕೆ ಆಗಲ್ವಾ?"

"ಅದನ್ನೇ ಹೇಳಕ್ಕೆ ಬಂದಿದ್ದು," ಅಂದರು ಮೇಡಂ. ಎರಡು ಹಲಗೆಯ ಮೇಲೆ ಒಂದೇ ಕಟ್ಟಡ ನಿಲ್ಲಿಸಿದರೆ ಅದು ಬಟ್ಟೆ ಹರಿದ ಹಾಗೆ ಹರಿಯುತ್ತದೆ. ಬಿಗಿಯಾಗಿ ಕಟ್ಟಿಟ್ಟರೂ ಉಳಿಯುವುದಿಲ್ಲ. ಕಟ್ಟಡವನ್ನು ಎರಡಾಗಿ ಸೀಳಬೇಕು, ನಡುಗೋಡೆ ತೆಗೆಯಬೇಕು, ಎರಡಕ್ಕೂ ಅವರವರದೇ ಗೋಡೆ ಎಬ್ಬಿಸಿ ಮಧ್ಯೆ ಒಂದು ಮೊಳ ಸಂದು ಬಿಡಬೇಕು. ಆಗ ಅವರವರು ಅವರವರ ದಾರಿಗೆ ಜರುಗಿಕೊಂಡಿರಬಹುದು. ಮೇಸ್ತ್ರಿಯನ್ನು ಮುಂದಿನ ವಾರವೇ ಕಳಿಸುತ್ತೇವೆ ಅಂದರು.

ಒಂದು ಮೊಳ ಎಲ್ಲಿಂದ? ತಂಗಿಯ ಕಡೆಯಿಂದ ತೆಗೆದರೆ ಒಲೆ ಒಡೆಯಬೇಕು. ಅರ್ಧ ಅರ್ಧ ತೆಗೆದರೂ ಒಲೆಯ ಬೆನ್ನು ಹೋಗುತ್ತದೆ, ಇಟ್ಟಿಗೆ ಒಲೆ ಮಂಚವಲ್ಲ ಪಕ್ಕಕ್ಕೆ ಎಳೆಯಲು. ಅಂಥ ಒಲೆ ಕಟ್ಟುವವರು ಈಗ ಊರಿನಲ್ಲಿ ಯಾರೂ ಇಲ್ಲ. ಒಲೆ ಹೋದರೆ ಬೇಕರಿ ಹೋಯಿತು. ನನ್ನ ಕಡೆಯಿಂದ ತೆಗೆದರೆ ಕತ್ತರಿಸುವ ಮೇಜನ್ನು ತಿರುಗಿಸಿ ಬಾಗಿಲ ಕಡೆ ಹಾಕಬೇಕು, ಗಾಜಿನ ಹಲಗೆಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಕು, ಗಿರಾಕಿ ಬಂದರೆ ಹೊಟ್ಟೆ ಒಳಗೆಳೆದುಕೊಂಡು ನಿಲ್ಲಬೇಕು. ಕಷ್ಟ. ಆದರೆ ಆಗದ ಮಾತಲ್ಲ.

ಎಲ್ಲರೂ ನನ್ನನ್ನೇ ನೋಡಿದರು. ನಾನು ಮೇಡಂ ಕಡೆ ನೋಡಿದೆ.

"ಒಂದು ಮಾತು ಕೇಳ್ತೀನಿ. ನೆಲ ತುಂಬ ಹೊತ್ತು ನಡುಗಿತು. ಸೈರನ್ ಇಲ್ಲ ಏನಿಲ್ಲ. ಒಬ್ಬ ಬೀದಿಯವರನ್ನೆಲ್ಲ ಕರ್ಕೊಂಡು ಗುಡ್ಡ ಹತ್ತಿದ. ಸಮುದ್ರ ಬರ್ಲಿಲ್ಲ. ಅವನು ಮಾಡಿದ್ದು ಸರಿಯೋ ತಪ್ಪೋ?"

"ಸರಿ. ಹತ್ತು ಸಲ ಬರದಿದ್ರೂ ಹನ್ನೊಂದನೇ ಸಲ ಓಡಲೇಬೇಕು."

"ಹತ್ತು ಸಲದ ಬ್ರೆಡ್ ಯಾರು ತಿಂತಾರೆ, ಸೀದಿದ್ದನ್ನ?" ಎಂದು ತಂಗಿ ಗೊಣಗಿದಳು.

ನಾನು ಎದ್ದು ನಿಂತೆ. ಹೆಂಡತಿಗೆ ಹೇಳಿದೆ, "ಅವಳಿಗೆ ಹೇಳು. ಒಂದು ಮೊಳ ಬಿಡ್ತೀನಿ. ನಾಲ್ಕು ಜನರ ಮುಂದೆ ಅಣ್ಣ ಸರಿ ಅಂತ ಅವಳ ಬಾಯಲ್ಲಿ ಬರಲಿ. ಅಷ್ಟೇ ಸಾಕು."

"ಒಲೇನ ನನ್ನ ಕೈಯಾರೆ ಒಡೀತೀನಿ," ಎಂದು ತಂಗಿ ಉಳಿದ ರಸ್ಕುಗಳನ್ನು ಎತ್ತಿಕೊಂಡು ಒಳಗೆ ಹೋದಳು.

ಆ ವಾರವೆಲ್ಲ ನನ್ನ ಹೆಂಡತಿ ಎರಡು ಅಂಗಡಿಯ ನಡುವೆ ಚಪ್ಪಲಿ ಸವೆಸಿದಳು. ನಾನು ಜಗ್ಗಲಿಲ್ಲ. ತಂಗಿಯೂ ಜಗ್ಗಲಿಲ್ಲ. ಮೇಸ್ತ್ರಿ ಬರುವ ಹಿಂದಿನ ದಿನ ಮಧ್ಯಾಹ್ನ ಹೆಂಡತಿ ಬೇಕರಿಯಿಂದ ಬಂದವಳು ಬಾಗಿಲಲ್ಲೇ ಹೇಳಿದಳು:

"ಸರಿ ಅಂದ್ಲು ರೀ."

"ಏನಂದ್ಲು?"

"ಸರಿ ಅಂತ ಹೇಳಿ ಅಣ್ಣನಿಗೆ, ಅಂದ್ಲು."

ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕತ್ತರಿಸುವ ಮೇಜು ಸಾಮಾನ್ಯದ್ದಲ್ಲ, ಅದನ್ನು ಎತ್ತಲು ನಾಲ್ಕು ಆಳು ಬೇಕು. ಹೆಂಡತಿ ಒಂದು ಕಡೆ, ನಾನು ಒಂದು ಕಡೆ, ದಬ್ಬಿ ದಬ್ಬಿ ಬಾಗಿಲ ಹತ್ತಿರ ತಂದೆವು. ನನ್ನ ಸೊಂಟ ಹಿಡಿದುಕೊಂಡಿತು. ಹಿಡಿದ ಸೊಂಟದಲ್ಲೇ ಶರ್ಟು ಬದಲಾಯಿಸಿ, ಕೂದಲು ಬಾಚಿ ಬೇಕರಿಗೆ ಹೋದೆ. ಗಿರಾಕಿಗಳು ತುಂಬಿದ್ದರು. ಒಳ್ಳೆಯದೇ ಆಯಿತು ಅಂದುಕೊಂಡೆ.

"ಸರಿ ಅಂದ್ಯಂತೆ," ಅಂದೆ. ಅಷ್ಟು ವರ್ಷಗಳ ಮೇಲೆ ಅವಳ ಜೊತೆ ನೇರ ಆಡಿದ ಮೊದಲ ಮಾತು ಅದು.

"ಹೌದು, ಅಂದೆ."

"ಇವರೆಲ್ಲ ಇದ್ದಾರೆ. ಇನ್ನೊಂದು ಸಲ ಅನ್ನು."

"ಸರಿ ಅಂತ ಹೇಳಿ ಅಂದೆ ಅತ್ತಿಗೆಗೆ. ಸರಿ, ಆ ಕಡೆ ಸರಿ, ಮೇಜು ತಗೊಂಡು ಸರಿ ಅಂತ. ಸುಮ್ನೆ ಅಡ್ಡ ಕೂತಿದ್ದೀಯಲ್ಲ, ಅದಕ್ಕೆ."

ಗಿರಾಕಿಗಳು ನಗುವಾಗ ಬಾಯಲ್ಲಿದ್ದ ಪಫ್‌ನ ಚೂರು ನನ್ನ ಹೊಸ ಶರ್ಟಿನ ಮೇಲೆ ಬಿತ್ತು. ಹಿಂದಿರುಗಿ ಬಂದು ಮೇಜನ್ನು ಮತ್ತೆ ಗೋಡೆಗೆ ದಬ್ಬಿದೆ, ಈ ಸಲ ಒಬ್ಬನೇ. ಸಿಟ್ಟಿಗೆ ಅಷ್ಟು ಬಲ ಇದೆ. ಹೆಂಡತಿಗೆ ಬೈದೆ.

"ಅವಳು ಕೊಟ್ಟಿದ್ದನ್ನ ತಂದೆ," ಅಂದಳು ಹೆಂಡತಿ. "ಮಾತೂ ಹೊತ್ತು ಅರ್ಥಾನೂ ಹೊರಕ್ಕೆ ನನಗಿರೋದು ಎರಡೇ ಕೈ."

ಮಾರನೆಯ ಬೆಳಿಗ್ಗೆ ಮೇಸ್ತ್ರಿ ಹಾರೆ ಹಿಡಿದು ಬಂದ. ನೇರ ಬೇಕರಿಗೇ ಹೋದ. ಒಡೆಯುವುದು ಒಲೆಯನ್ನೇ ಎಂದು ತಂಗಿ ಹೇಳಿಕಳಿಸಿದ್ದಳಂತೆ. ಬಿರುಕಿಗೆ ಕಣ್ಣಿಟ್ಟು ನೋಡಿದೆ. ಇಷ್ಟರ ಮೇಲೂ ಒಲೆ ಉರಿಯುತ್ತಿತ್ತು. "ಈ ಬ್ರೆಡ್ ಒಂದು ಇಳೀಲಿ, ಆಮೇಲೆ ಒಡಿ" ಎಂದಳು. ಮೇಸ್ತ್ರಿ ಸ್ಟೂಲಿನ ಮೇಲೆ ಕೂತು ಬನ್ ತಿನ್ನುತ್ತಿದ್ದ. ತಂಗಿ ಉದ್ದ ಹಿಡಿಯ ಮರದ ಸಟ್ಟುಗ ಹಿಡಿದು ಒಲೆಯ ಬಾಯಿ ಮುಂದೆ ನಿಂತಿದ್ದಳು. ಬಾಯಲ್ಲಿ ಮಾತಿಲ್ಲ. ಅವಳ ಬಾಯಲ್ಲಿ ಮಾತಿಲ್ಲದ್ದು ನಾನು ನೋಡಿದ್ದು ಅಪ್ಪ ತೀರಿಕೊಂಡ ದಿನ, ಅದು ಬಿಟ್ಟರೆ ಅವತ್ತು.

ಕಣ್ಣು ತೆಗೆಯುವ ಮೊದಲೇ ಗೋಡೆ ನನ್ನ ಹಣೆಗೆ ಹೊಡೆಯಿತು.

ನಾನು ಮೇಜಿನ ಅಡಿಗೆ ನುಗ್ಗಿದೆ. ಹೆಂಡತಿ ಅದಾಗಲೇ ಅಲ್ಲಿದ್ದಳು. ನೆಲ ಮೊದಲು ಮೇಲೆ ಕೆಳಗೆ ಕುಕ್ಕಿತು, ಆಮೇಲೆ ಜರಡಿ ಹಿಡಿದ ಹಾಗೆ ಆ ಕಡೆ ಈ ಕಡೆ ಆಡಿತು. ನಿಲ್ಲಿಸಿದ್ದ ಗಾಜೆಲ್ಲ ಒಂದರ ಹಿಂದೆ ಒಂದು ಮಲಗಿದವು. ಆ ಸದ್ದನ್ನು ನಾನು ಬರೆಯಲಾರೆ. ನಡುಕ ನಿಲ್ಲಲಿಲ್ಲ. ಹೆಂಡತಿ ನನ್ನ ಕಿವಿಯಲ್ಲಿ, "ಇದು ಉದ್ದ ಆಯ್ತು" ಅಂದಳು. ನನಗೂ ಗೊತ್ತಿತ್ತು.

ನಿಂತ ಮೇಲೆ ಹೊರಗೆ ಬಂದೆವು. ಬೀದಿಯವರೆಲ್ಲ ಹೊರಗೇ ಇದ್ದರು. ಯಾರೂ ಅಲ್ಲಾಡುತ್ತಿಲ್ಲ, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಇನ್ನು ಈ ಜನ್ಮದಲ್ಲಿ ಓಡಿ ಅಂತ ಬಾಯಿ ಬಿಡುವುದಿಲ್ಲ ಎಂದು ನಾನು ಆಣೆ ಮಾಡಿದ್ದೆ. ಎದುರಂಗಡಿಯ ಟೈಲರಮ್ಮ ಅಳತೆ ಪಟ್ಟಿ ಕೊರಳಲ್ಲಿ ಹಾಗೇ ಇಟ್ಟುಕೊಂಡು, "ಏನ್ ಸುನಾಮಿ, ಓಡೋಣ್ವಾ?" ಅಂದಳು. ಮಾತು ತಮಾಷೆಯದು, ಮುಖದಲ್ಲಿ ತಮಾಷೆ ಇರಲಿಲ್ಲ.

"ಏನ್ ನೋಡ್ತಾ ನಿಂತಿದ್ದೀರಿ? ಓಡಿ," ಅಂದೆ. ಆಣೆ ಹಾಳಾಗಿ ಹೋಗಲಿ.

ಓಡಿದರು. ನಾನು ಬೇಕರಿಗೆ ನುಗ್ಗಿದೆ. ಒಲೆಯ ಹೊಗೆ ಕೊಳವೆ ಸೊಟ್ಟಗಾಗಿತ್ತು. ತಂಗಿ ಅಲ್ಲೇ ನಿಂತಿದ್ದಳು.

"ಬ್ರೆಡ್ ಒಳಗಿದೆ," ಅಂದಳು.

"ಅಮ್ಮಾ, ಒಡೆಯಕ್ಕೆ ಬಂದವನು ನಾನು," ಅಂದ ಮೇಸ್ತ್ರಿ, ಹೊಸ್ತಿಲಲ್ಲಿ ಒಂದು ಕಾಲಿಟ್ಟು. "ನಾನೇ ಹೇಳ್ತಾ ಇದ್ದೀನಿ, ಒಲೆ ಬಿಟ್ಟು ಬನ್ನಿ."

ತಂಗಿಯ ಗಂಡ ಕೈಯ ಹಿಟ್ಟು ಒರೆಸಿಕೊಂಡ. ಮೈದಾ ಮೂಟೆ ಎತ್ತುವ ಹಾಗೆ ಹೆಂಡತಿಯನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಬೀದಿಗಿಳಿದ. ಅವಳು ಗುಡ್ಡದ ಬುಡದವರೆಗೆ ಸಟ್ಟುಗದಿಂದ ಅವನ ಬೆನ್ನಿಗೆ ಹೊಡೆಯುತ್ತಲೇ ಇದ್ದಳು. ಹಿಂದೆ ಓಡುತ್ತಿದ್ದ ನನಗೂ ಎರಡು ಬಿತ್ತು. ಅದು ಕೈತಪ್ಪಿ ಬಿದ್ದದ್ದಲ್ಲ.

ಟ್ಯಾಂಕಿನ ಹತ್ತಿರ ಎಲ್ಲರೂ ಸೇರಿದೆವು. ಏದುಸಿರು ಬಿಡುತ್ತಾ ಸಮುದ್ರ ನೋಡಿದೆವು. ಮೊದಲು ಏನೂ ಇಲ್ಲ. ಯಾರೋ ಕೆಮ್ಮಿದರು. ಇನ್ನಾರೋ ಸಣ್ಣಗೆ ನಕ್ಕರು. ನನ್ನ ಕಿವಿ ಬಿಸಿಯಾಯಿತು. ಆಮೇಲೆ ದಡದ ನೀರು, ಯಾರೋ ಚಾಪೆ ಎಳೆದುಕೊಂಡ ಹಾಗೆ ಹಿಂದಕ್ಕೆ ಹೋಯಿತು. ನಗು ನಿಂತಿತು. ಹೋದ ನೀರು ವಾಪಸು ಬಂತು. ಮೀನು ಮಾರುಕಟ್ಟೆಯೊಳಗೆ ಮೊಣಕಾಲುದ್ದ ಬಂದು, ಅಲ್ಲಿನ ಬೆಂಚುಗಳನ್ನೂ ಬುಟ್ಟಿಗಳನ್ನೂ ಎತ್ತಿಕೊಂಡು ನಿಧಾನವಾಗಿ ಇಳಿದು ಹೋಯಿತು.

"ಇಷ್ಟೇನಾ?" ಅಂದ ಒಬ್ಬ.

"ಇಷ್ಟಕ್ಕೆ ಇಷ್ಟು ಮೆಟ್ಲು ಹತ್ತಿಸಿದ," ಅಂದ ಇನ್ನೊಬ್ಬ.

ಜನ ಎದ್ದರು. ಅಂಗಡಿ ಬಾಗಿಲು ತೆರೆದಿದೆ, ಮನೆಯಲ್ಲಿ ಹಾಲು ಒಲೆ ಮೇಲಿದೆ, ಪರ್ಸು ಬಿಟ್ಟು ಬಂದಿದ್ದೇನೆ, ಒಬ್ಬೊಬ್ಬರಿಗೆ ಒಂದೊಂದು ನೆನಪಾಯಿತು. ಗುಡ್ಡದಿಂದ ಇಳಿಯಲು ಇರುವುದು ಎರಡು ಬಂಡೆಯ ನಡುವಿನ ಮೆಟ್ಟಿಲು ದಾರಿ ಒಂದೇ. ನಾನು ಹೋಗಿ ಅದಕ್ಕೆ ಅಡ್ಡ ನಿಂತೆ. ನನ್ನ ಗಾತ್ರಕ್ಕೆ ಆ ದಾರಿ ಸರಿಯಾಗಿ ಮುಚ್ಚಿತು.

"ಯಾರೂ ಇಳಿಯಂಗಿಲ್ಲ. ಮೊದಲನೇದು ಚಿಕ್ಕದು ಬಂದು ಹಿಂದೆ ದೊಡ್ಡದು ಬರುತ್ತೆ, ಎಷ್ಟೋ ಸಲ. ಎಲ್ಲ ಮುಗೀತು ಅಂತ ಕಚೇರಿಯವರು ಹೇಳೋವರೆಗೂ ಇಲ್ಲೇ."

"ಯಾರು ಹೇಳಿದ್ದು?"

"ನಾನು ಹೇಳ್ತಿದ್ದೀನಿ."

"ಓಹೋ, ಸುನಾಮಿ ಹೇಳ್ತಿದ್ದಾರೆ," ಎಂದು ಹಿಂದಿನಿಂದ ಒಂದು ದನಿ. ಮತ್ತೆ ನಗು. ಮುಂದಿನವರು ನನ್ನ ಎದೆಗೆ ಬಂದು ನಿಂತರು. ಹಿಂದಿನವರು ತಳ್ಳಿದರು. ನನ್ನೊಬ್ಬನ ಕೈಯಲ್ಲಿ ಎಷ್ಟು ಹೊತ್ತು ತಡೆಯಲಾದೀತು?

ಜನರನ್ನು ಸಟ್ಟುಗದಿಂದ ಆಚೆ ಈಚೆ ಸರಿಸುತ್ತಾ ತಂಗಿ ಮುಂದೆ ಬಂದಳು. ಒಲೆ ಉರಿಯುತ್ತಿದೆ, ಬ್ರೆಡ್ ಒಳಗಿದೆ, ಕೊಳವೆ ಸೊಟ್ಟಗಾಗಿದೆ, ಅವಳಿಗೆ ಇನ್ನೇನೂ ಕಾಣುತ್ತಿಲ್ಲ. ನನ್ನ ಮುಖಕ್ಕೆ ಮುಖ ಕೊಟ್ಟು ನಿಂತಳು. ಒಲೆಯ ಮುಂದೆ ನಿಂತು ಬೀದಿಯ ತುದಿಗೆ ಕೇಳುವಂತೆ ಕೂಗಿ ಕೂಗಿ ಅವಳ ಗಂಟಲು ಪಳಗಿದೆ. ಆ ಗಂಟಲು ಬಿಚ್ಚಿ ಹೇಳಿದಳು:

"ಅಣ್ಣ, ಸರಿ."

ನಾನು ಸರಿಯಲಿಲ್ಲ. ಆದರೆ ಹಿಂದೆ ತಳ್ಳಾಟ ನಿಂತಿತು.

"ಕೇಳಿದ್ರಾ?" ಅಂದಳು ಟೈಲರಮ್ಮ. "ಅಣ್ಣ ಸರಿ ಅಂತೆ."

"ಯಾರಂದಿದ್ದು?"

"ಬನ್ನಕ್ಕ. ಬನ್ನಕ್ಕನ ಬಾಯಲ್ಲಿ ಬಂತು."

"ಬನ್ನಕ್ಕನೇ ಒಪ್ಕೊಂಡ್ಲಾ?"

"ಅವಳೇ ಒಪ್ಕೊಂಡ್ಮೇಲೆ ನಿಜವಾಗ್ಲೂ ಏನೋ ಇದೆ ಕಣ್ರೀ. ಕೂತ್ಕೊಳ್ಳಿ, ಕೂತ್ಕೊಳ್ಳಿ."

ಸುದ್ದಿ ಹಿಂದಿನ ಸಾಲಿಗೆ ಹೋಗುವಷ್ಟರಲ್ಲಿ ಮುಂದಿನ ಸಾಲು ಕೂತಿತ್ತು. ಇಷ್ಟು ವರ್ಷ ನಾನು ಗಂಟಲು ಹರಿದುಕೊಂಡರೂ ಆಗದ ಕೆಲಸ ಅವಳ ಒಂದು ಮಾತಿಗೆ ಆಯಿತು. ತಂಗಿ ಗರ್ರನೆ ತಿರುಗಿ, "ಅಯ್ಯೋ, ನಾನು ಹೇಳಿದ್ದು..." ಎಂದು ಬಾಯಿ ತೆಗೆದಳು.

ಅಷ್ಟರಲ್ಲಿ ಎರಡನೆಯದು ಬಂತು. ಅದು ಅಲೆಯ ಹಾಗೆ ಬರಲಿಲ್ಲ. ಸಮುದ್ರವೇ ಎದ್ದು ನಡೆದು ಬಂದ ಹಾಗೆ ಬಂತು. ಮೀನು ಮಾರುಕಟ್ಟೆಯ ಚಾವಣಿ ಮಾತ್ರ ಕಾಣುತ್ತಿತ್ತು. ಕೆಳಗಿನ ರಸ್ತೆಯಲ್ಲಿ ನಿಲ್ಲಿಸಿದ್ದ ಕಾರುಗಳು ಒಂದನ್ನೊಂದು ಮೂಸುತ್ತಾ ತೇಲಿದವು. ಈಗ ತಾನೇ ಇಳಿದಿದ್ದರೆ ನಾವೆಲ್ಲ ಇರುತ್ತಿದ್ದದ್ದು ಅದೇ ರಸ್ತೆಯಲ್ಲಿ. ನೀರು ನಮ್ಮ ಬೀದಿಗೆ ಬರುವಾಗ ಸೋತು ಸೊಂಟದುದ್ದವಾಗಿತ್ತು. ಬೇಕರಿಯ ಹೊಗೆ ಕೊಳವೆಯಿಂದ ಬಿಳಿ ಆವಿ ಒಮ್ಮೆ ಬುಸ್ಸೆಂದು ಎದ್ದು ನಿಂತಿತು. ಒಲೆ ಆರಿತು. ಆಮೇಲೆ ತಟ್ಟೆ ತಟ್ಟೆ ಬನ್ನುಗಳು ಬಾಗಿಲಿನಿಂದ ಹೊರಬಂದು, ಶಿಸ್ತಾಗಿ ಎಡಕ್ಕೆ ತಿರುಗಿ ಸಮುದ್ರದ ಕಡೆ ಹೋದವು.

ತಂಗಿ ನನ್ನ ಪಕ್ಕ ಮೆಟ್ಟಿಲ ಮೇಲೆ ಕುಸಿದು ಕೂತಳು.

"ಏನೋ ಹೇಳ್ತಿದ್ಯಲ್ಲ," ಅಂದೆ.

"ಏನಿಲ್ಲ."

ಸಂಜೆ ಕಚೇರಿಯವರು ಮೈಕಿನಲ್ಲಿ ಇನ್ನು ಇಳಿಯಬಹುದು ಎಂದು ಕೂಗಿದರು. ಇಳಿಯುವಾಗ ಒಬ್ಬೊಬ್ಬರೂ ತಂಗಿಯ ಕೈ ಹಿಡಿದುಕೊಂಡರು. "ನಿನ್ನ ಮಾತಿಂದ ಬದುಕಿದ್ವಿ ಬನ್ನಕ್ಕ." "ನಿನ್ನಂಥವಳು ಅಣ್ಣ ಸರಿ ಅಂದ್ಯಲ್ಲ, ಅದೇ ನಮ್ಮ ಪುಣ್ಯ." ದಾರಿಗೆ ಅಡ್ಡ ನಿಂತು ಎದೆಗೆ ಗುದ್ದು ತಿಂದವನು ನಾನು. ನನ್ನನ್ನು ಕಂಡು ಒಬ್ಬ ಮಾತ್ರ ನಿಂತ, ತನ್ನ ಕಿಟಕಿ ಗಾಜು ಯಾವಾಗ ಸಿಗುತ್ತದೆ ಎಂದು ಕೇಳಿದ.

ನಮ್ಮ ಬೀದಿ ಪಾದ ಮುಳುಗುವಷ್ಟು ಕೆಸರು. ನಡುಗೋಡೆ ಬಿರುಕಿನಿಂದ ಇಬ್ಭಾಗವಾಗಿ, ಮೇಲಿನ ಅರ್ಧ ಬಿದ್ದುಹೋಗಿತ್ತು. ಆ ಕಡೆ ನಿಂತ ಅವಳು ನನಗೆ ಎದೆಯವರೆಗೆ ಕಾಣುತ್ತಿದ್ದಳು. ಒಲೆ ಮಾತ್ರ ಹಾಗೇ ನಿಂತಿತ್ತು, ಒದ್ದೆಯಾಗಿ, ತಣ್ಣಗೆ. ಬೀದಿಯವರು ಬಾಗಿಲಲ್ಲಿ ಗುಂಪುಗೂಡಿದರು. ಮೇಸ್ತ್ರಿ ಕೆಸರಿನಲ್ಲಿ ತನ್ನ ಹಾರೆ ಹುಡುಕಿ ತೆಗೆದ.

"ಈಗ ಹೇಳಿಬಿಡಿ. ಒಲೆ ಒಡೆಯೋದಾ, ಆ ಕಡೆಯಿಂದ ಮೊಳ ತಗೊಳೋದಾ?"

"ಇದೇನ್ ಕೇಳ್ತೀಯ ಮಾರಾಯ," ಅಂದಳು ಟೈಲರಮ್ಮ. "ನಾಲ್ಕು ಜನರ ಮುಂದೆ ಅಣ್ಣ ಸರಿ ಅಂದ್ರೆ ಜಾಗ ಬಿಡ್ತೀನಿ ಅಂತ ಇವನೇ ಹೇಳಿರೋದು. ನಾಲ್ಕಲ್ಲ, ಊರಿಗೂರೇ ಕೇಳಿದೆ. ಬಿಡ್ಲೇಬೇಕು."

ಆಗ ನನಗೆ ತಲೆಗೆ ಹತ್ತಿತು, ನಾನು ಎಂಥ ಇಕ್ಕಟ್ಟಿನಲ್ಲಿ ಸಿಕ್ಕಿದ್ದೇನೆ ಎಂದು. ಅವಳು ಅಂದದ್ದು ಆ ಸರಿ ಅಲ್ಲ ಎಂದರೆ, ಒಲೆ ಹೋಗುತ್ತದೆ, ಜೊತೆಗೆ ನಾನು ಸರಿ ಎಂದು ಯಾರೂ ಹೇಳಿಲ್ಲ ಎಂದು ನಾನೇ ಊರಿಗೆ ಸಾರಿದ ಹಾಗಾಗುತ್ತದೆ. ಅದೇ ಸರಿ ಎಂದರೆ ಮೊಳ ಬಿಡಬೇಕು. ಅವಳನ್ನು ನೋಡಿದೆ. ಅವಳ ಸ್ಥಿತಿ ನನಗಿಂತ ಕಷ್ಟ. ದಾರಿ ಬಿಡು ಅಂದೆ ಎಂದು ನಿಜ ಹೇಳಿದರೆ ಒಲೆ ಇಲ್ಲ. ಸುಮ್ಮನಿದ್ದರೆ ಇನ್ನು ಸಾಯುವವರೆಗೆ ಅಣ್ಣ ಸರಿ ಅಂದವಳು.

"ಅಮ್ಮಾ," ಮೇಸ್ತ್ರಿ ತಲೆ ಕೆರೆದುಕೊಂಡ. ನಿನ್ನೆಯ ಕತೆಯೂ ಅವನ ಕಿವಿಗೆ ಬಿದ್ದಿರಬೇಕು. "ನೀವು ಹೇಳಿದ್ದು ಯಾವ ಸರಿ?"

ತಂಗಿ ಒಲೆಯ ಬಾಯಿಗೆ ಕೈ ಹಾಕಿ, ನೆಂದು ಮುದ್ದೆಯಾದ ಬ್ರೆಡ್ಡನ್ನು ಹಿಡಿ ಹಿಡಿಯಾಗಿ ತೆಗೆದು ಹೊರಗೆ ಹಾಕುತ್ತಿದ್ದಳು. ನಿಲ್ಲಿಸಲಿಲ್ಲ. ನಾನು ಬಿದ್ದ ಗೋಡೆಯ ಮೇಲಿಂದ ಕೈ ಚಾಚಿ ಒಲೆಯ ಬೆನ್ನು ಮುಟ್ಟಿ ನೋಡಿದೆ. ಹುಟ್ಟಿದಾಗಿನಿಂದ ಆ ಇಟ್ಟಿಗೆ ತಣ್ಣಗಿದ್ದದ್ದನ್ನು ನಾನು ಕಂಡಿರಲಿಲ್ಲ. ಹೆಣ ಮುಟ್ಟಿದ ಹಾಗಾಯಿತು.

"ಅಂದೆ," ಅಂದಳು ತಂಗಿ, ಯಾರ ಮುಖವನ್ನೂ ನೋಡದೆ. "ಅಂದೆ ಅಂದ್ಮೇಲೆ ಅಂದೆ. ಯಾವುದು ಅಂತ ಬಿಡಿಸಿ ಬಿಡಿಸಿ ಹೇಳಕ್ಕೆ ಅದೇನು ಹಲಸಿನ ಹಣ್ಣಾ?"

"ಮೇಜಿನ ಆ ತುದಿ ಹಿಡಿ," ಎಂದು ನಾನು ಮೇಸ್ತ್ರಿಗೆ ಹೇಳಿದೆ.

ಅವಳ ಗಂಡ ಹೊಸ್ತಿಲು ದಾಟಿ ನನ್ನ ಅಂಗಡಿಗೆ ಬಂದು ಇನ್ನೊಂದು ತುದಿ ಹಿಡಿದ. ಆ ತಿಂಗಳ ಮಾತು ಮುಗಿದಿತ್ತು, ಆದರೂ, "ನಿಧಾನ ಭಾವ, ಗಾಜಿದೆ" ಅಂದ.

ಈಗ ಕಟ್ಟಡ ಎರಡಾಗಿದೆ. ನಡುವೆ ಒಂದು ಮೊಳ ಸಂದು, ಈ ಕಡೆಯಿಂದ ಆ ಕಡೆಗೆ ಆಕಾಶ ಕಾಣುತ್ತದೆ. ಒಲೆ ಒಣಗಲು ಒಂದು ತಿಂಗಳು ಹಿಡಿಯಿತು, ಆಮೇಲೆ ಹೊತ್ತಿತು. ನಾನು ಹೊಟ್ಟೆ ಒಳಗೆಳೆದುಕೊಂಡು ಗಾಜು ಕತ್ತರಿಸುತ್ತೇನೆ. ನೆಲದ ಮೇಡಂ ಆಗಾಗ ಬಂದು ಸಂದಿನೊಳಗೆ ಅಡ್ಡವಾಗಿ ತೂರಿ ಅಳತೆ ತೆಗೆದುಕೊಂಡು ಹೋಗುತ್ತಾರೆ. ಸಂದಿನಲ್ಲಿ ಒಣಗಿದ ಎಲೆ, ಕಾಗದ, ಬೆಕ್ಕಿನ ಸಂಸಾರ ಎಲ್ಲ ಸೇರುತ್ತದೆ. ಅದನ್ನು ಗುಡಿಸುವವರು ಯಾರು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

"ನೀನು ಬಿಟ್ಟ ಜಾಗ, ನೀನು ಗುಡಿಸು," ಎಂದು ಅವಳು ಸಂದಿನ ಆ ತುದಿಯಿಂದ ಕೂಗುತ್ತಾಳೆ.

"ನಿನ್ನ ಒಲೆಗೆ ಬಿಟ್ಟ ಜಾಗ, ನೀನೇ ಗುಡಿಸು," ಎಂದು ನಾನು ಈ ತುದಿಯಿಂದ ಕೂಗುತ್ತೇನೆ.

ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ಒಮ್ಮೆ, ಮಧ್ಯಾಹ್ನ ಒಮ್ಮೆ. ಸಂದಿನಲ್ಲಿ ದನಿ ಚೆನ್ನಾಗಿ ಮೊಳಗುತ್ತದೆ, ಬೆಕ್ಕುಗಳು ಮಾತ್ರ ಕದಲುವುದಿಲ್ಲ. ನನ್ನ ಹೆಂಡತಿ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕಾಲು ಚಾಚಿ ಕೂತಿರುತ್ತಾಳೆ. ನಡುವೆ ಬಂದು ಸಮಾಧಾನ ಮಾಡು ಎಂದು ಯಾರಾದರೂ ಹೇಳಿದರೆ, "ನನ್ನನ್ನ ಆ ಕೆಲಸದಿಂದ ತೆಗೆದಿದ್ದಾರೆ" ಅನ್ನುತ್ತಾಳೆ.